ಗಂಟೆಗೊಮ್ಮೆ ಬರುತ್ತಿದ್ದ ಪೆಟ್ಟಿಗೆ ಮತ್ತು ಆಟೋರನ್ಸ್

ಮೊದಲೇ ಹೇಳಿಬಿಡುತ್ತೇನೆ, ಆಟೋರನ್ಸ್ ನೋಡಲು ಚೆನ್ನಾಗಿಲ್ಲ. ವಿಂಡೋಸ್ ತಾನಾಗಿ ಶುರು ಮಾಡುವುದನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಉಚಿತ ಉಪಕರಣ ಇದು. ತೆರೆದ ಕೂಡಲೇ ಪರದೆ ತುಂಬ ಸಣ್ಣ ಅಕ್ಷರದ ಸಾಲುಗಳು. ಮೇಲೆ ಒತ್ತಾಗಿ ಜೋಡಿಸಿದ ಟ್ಯಾಬ್‌ಗಳು. ಅಲ್ಲೊಂದು ಸಾಲು ಹಳದಿ, ಇಲ್ಲೊಂದು ಸಾಲು ಗುಲಾಬಿ. ಮೊದಲ ಸಲ ತೆರೆದಾಗ ಎರಡೇ ನಿಮಿಷದಲ್ಲಿ ಮುಚ್ಚಿಬಿಟ್ಟಿದ್ದೆ. ಇದು ನನ್ನಂಥವರಿಗಲ್ಲ ಅನ್ನಿಸಿತ್ತು. ಆದರೆ ಎರಡು ತಿಂಗಳು ನಮ್ಮನ್ನು ಕಾಡಿದ ತೊಂದರೆ ನಿಂತದ್ದು ಇದರಿಂದಲೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತೊಂದರೆ ಏನೆಂದರೆ, ಮನೆಯ ಕಂಪ್ಯೂಟರಿಗೆ ಲಾಗಿನ್ ಆದ ಸ್ವಲ್ಪ ಹೊತ್ತಿಗೆ ಪರದೆಯ ನಡುವೆ ಒಂದು ಪುಟ್ಟ ಪೆಟ್ಟಿಗೆ ಬರುತ್ತಿತ್ತು. ತಲೆಬರಹ ‘ರನ್‌ಡಿಎಲ್‌ಎಲ್’. ಒಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಕನ್ನಡದಲ್ಲಿ ಹೇಳುವುದಾದರೆ, ‘ಇಂಥ ಫೈಲನ್ನು ಶುರು ಮಾಡುವಾಗ ತೊಂದರೆಯಾಯಿತು. ಹೇಳಿದ ಮಾಡ್ಯೂಲ್ ಸಿಗಲಿಲ್ಲ’. ಕೆಳಗೆ ಒಂದು ಓಕೆ ಬಟನ್. ಒತ್ತಿದರೆ ಹೋಗುತ್ತದೆ. ಒಂದು ಗಂಟೆ ಕಳೆದರೆ ಮತ್ತೆ ಹಾಜರ್.

ಇಷ್ಟಕ್ಕೆ ಇಷ್ಟು ರಗಳೆಯಾ ಅನ್ನಬಹುದು. ನಾನು ಮನೆಯಲ್ಲೇ ಕೂತು ಕರಡು ತಿದ್ದುವವಳು. ಪರದೆಯನ್ನೂ ನೋಡದೆ ಸರಸರ ಟೈಪ್ ಮಾಡುತ್ತಿರುತ್ತೇನೆ. ಪೆಟ್ಟಿಗೆ ಬಂದ ಗಳಿಗೆಯಲ್ಲಿ ಕೀಬೋರ್ಡ್ ಅದರ ಕೈಗೆ ಹೋಗುತ್ತದೆ. ನಾನು ಹೊಡೆದ ಅಕ್ಷರಗಳು ಎಲ್ಲೂ ಬೀಳುವುದಿಲ್ಲ. ಪದ ಮುಗಿದು ಸ್ಪೇಸ್ ಒತ್ತಿದರೆ ಅದೇ ಓಕೆ ಒತ್ತಿದಂತಾಗಿ ಪೆಟ್ಟಿಗೆ ಮಾಯ. ಏನೋ ಮಿಂಚಿ ಹೋಯಿತು ಅನ್ನುವಷ್ಟರಲ್ಲಿ ವಾಕ್ಯದ ನಡುವೆ ಒಂದು ಪದ ಕಾಣೆ. ತಿದ್ದುವವಳೇ ತಪ್ಪು ಸೇರಿಸಿ ಕಳಿಸಿದರೆ ಹೇಗಿರುತ್ತದೆ ಹೇಳಿ!

ಮಾವನವರಿಗೆ ಬೇರೆ ಕಾಟ. ಅವರು ದಿನಾ ಬೆಳಗ್ಗೆ ಅದೇ ಕಂಪ್ಯೂಟರಿನಲ್ಲಿ ಪೇಪರ್ ಓದುತ್ತಾರೆ. ಪೆಟ್ಟಿಗೆ ಬಂದಾಗಲೆಲ್ಲ ಕೂಗುತ್ತಾರೆ, ‘ಓಕೆ ಒತ್ತಲಾ?’ ನಾನು ಒಳಗಿನಿಂದ, ‘ಒತ್ತಿ’. ಗಂಟೆಗೊಂದು ಸಲ ಈ ಸಂವಾದ. ಒಪ್ಪಿಗೆ ಕೇಳದೆ ಯಾವುದನ್ನೂ ಒತ್ತದ ಅವರ ಗುಣ ಒಳ್ಳೆಯದೇ, ಬಿಡಿ. ಮನೆಯಲ್ಲಿ ಉಳಿದವರಿಗೂ ಅದು ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆಟೋರನ್ಸ್ ಕೈಗೆ ಸಿಗುವ ಮುಂಚೆ ಏನೇನು ಮಾಡಿದೆ ಅಂತಲೂ ಹೇಳಬೇಕು. ಇದೇ ತೊಂದರೆ ಇರುವವರು ಬಹುಶಃ ಇದೇ ದಾರಿಯಲ್ಲಿ ನಡೆಯುತ್ತಿರುತ್ತೀರಿ.

ಫೈಲಿನ ಹೆಸರು ಹಾಕಿ ಹುಡುಕಿದರೆ ಮೊದಲು ಎದುರಾಗುವುದು, ಕಾಣೆಯಾದ ಡಿಎಲ್‌ಎಲ್ ಫೈಲನ್ನು, ಅಂದರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡಿನ ಫೈಲನ್ನು, ಕೊಡುತ್ತೇವೆ ಅನ್ನುವ ತಾಣಗಳು. ಅತ್ತ ಹೋಗಬೇಡಿ. ಯಾರೋ ಎಲ್ಲಿಂದಲೋ ತಂದ ಫೈಲು, ಒಳಗೆ ಏನಿದೆ ಎಂದು ನೋಡುವವರಿಲ್ಲ. ಅದೂ ಅಲ್ಲದೆ ನನಗೆ ಆ ಫೈಲು ಬೇಕಾಗಿಯೇ ಇರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಆಮೇಲೆ ಸಿಸ್ಟಮ್ ಫೈಲ್ ಚೆಕರ್. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್‌ಎಫ್‌ಸಿ ಸ್ಲ್ಯಾಶ್ ಸ್ಕ್ಯಾನ್‌ನೌ’ ಆಜ್ಞೆ ಕೊಟ್ಟೆ. ಯಾವ ದೋಷವೂ ಇಲ್ಲ ಎಂದಿತು. ಕಣ್ಣೆದುರು ಪೆಟ್ಟಿಗೆ ಕುಣಿಯುತ್ತಿದೆ, ಇದು ನೋಡಿದರೆ ಎಲ್ಲ ಸರಿ ಅನ್ನುತ್ತಿದೆ. ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಅದು ನಿಜವನ್ನೇ ಹೇಳಿತ್ತು. ಅದು ನೋಡುವುದು ವಿಂಡೋಸಿನ ಸ್ವಂತ ಫೈಲುಗಳನ್ನು ಮಾತ್ರ. ಹೊರಗಿನ ಪ್ರೋಗ್ರಾಂ ಬಿಟ್ಟುಹೋದ ಕಸ ಅದರ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯದು ನನ್ನ ಪೆದ್ದುತನ. ‘ಕಂಪ್ಯೂಟರ್ ಶುಚಿ ಮಾಡುವ’ ಒಂದು ಪ್ರೋಗ್ರಾಂ ಇಳಿಸಿಕೊಂಡೆ. ಹೆಸರು ಬೇಡ. ಅಂಥವು ಒಂದಲ್ಲ, ರಾಶಿ ಇವೆ. ಉಚಿತವಾಗಿ ಪರೀಕ್ಷೆ ಮಾಡಿ, ಕೆಂಪು ಅಕ್ಷರದಲ್ಲಿ ಸಾವಿರಕ್ಕೂ ಜಾಸ್ತಿ ‘ಸಮಸ್ಯೆ’ ತೋರಿಸಿತು. ಸರಿಮಾಡಲು ಮಾತ್ರ ದುಡ್ಡು. ಸದ್ಯ, ಕೊಡಲಿಲ್ಲ. ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ, ಶುಚಿ ಮಾಡುವ ಪ್ರೋಗ್ರಾಂಗಳಿಗೆ ತನ್ನ ಬೆಂಬಲ ಇಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ಬರೆದಿಟ್ಟಿದೆ. ಅದನ್ನು ಓದಿದ್ದು ಆಮೇಲೆ. ಪ್ರೋಗ್ರಾಮನ್ನು ತೆಗೆದುಹಾಕಿದೆ. ತೆಗೆದೆ ಅಂದುಕೊಂಡೆ. ಇದರ ಕಥೆ ಇನ್ನೂ ಇದೆ.

ಕೊನೆಗೆ ಫೋನಿನಲ್ಲಿ ಸಲಹೆ ಕೊಡುವ ಒಬ್ಬರನ್ನು ಕೇಳಿದೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಣ’ ಅಂದರು. ಬಾಗಿಲ ಕೀಲು ಕಿರುಗುಟ್ಟುತ್ತಿದೆ ಅಂದರೆ ಮನೆ ಕೆಡವೋಣ ಅಂದ ಹಾಗೆ. ಹಾಗೆ ಮಾಡಿದರೂ ಪೆಟ್ಟಿಗೆ ಹೋಗುತ್ತಿತ್ತು, ಸುಳ್ಳಲ್ಲ. ಆದರೆ ನಾನು ವರ್ಷಗಟ್ಟಲೆ ಕೂಡಿಸಿದ ಫಾಂಟುಗಳು, ಕೀಬೋರ್ಡ್ ಜೋಡಣೆ, ವರ್ಡ್‌ನಲ್ಲಿ ಸೇರಿಸಿಟ್ಟ ಪದಪಟ್ಟಿ ಎಲ್ಲವನ್ನೂ ಮತ್ತೆ ಕೂರಿಸಬೇಕಿತ್ತು. ಒಲ್ಲೆ ಅಂದೆ.

ಈ ನಡುವೆ ಮಗಳು ತನ್ನದೇ ಪರಿಹಾರ ಕಂಡುಕೊಂಡಿದ್ದಳು. ಓಕೆ ಒತ್ತುವುದೇ ಇಲ್ಲ. ಪೆಟ್ಟಿಗೆಯನ್ನು ಎಳೆದು ಪರದೆಯ ಮೂಲೆಗೆ, ಅರ್ಧ ಹೊರಗೆ ಹೋಗುವಂತೆ ತಳ್ಳಿಬಿಡುವುದು. ‘ಅಲ್ಲಿದ್ರೆ ಹೊಸದು ಬರಲ್ಲಮ್ಮ’ ಅಂದಳು. ನಾನು ನಂಬಲಿಲ್ಲ. ನೋಡಿದರೆ ನಿಜ! ಮೂಲೆಯಲ್ಲಿ ಒಂದು ಕೂತಿರುವವರೆಗೆ ಇನ್ನೊಂದು ಬರುತ್ತಿರಲಿಲ್ಲ. ಯಾಕೆ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಇಡೀ ಗಂಟಿನಲ್ಲಿ ಮೊದಲು ಸಿಕ್ಕ ಎಳೆ ಅದೇ.

ಒಂದು ದಿನ ಪೆಟ್ಟಿಗೆ ಮೂಲೆಯಲ್ಲಿರುವಾಗ ಅದನ್ನು ಕರಡಿನ ವಾಕ್ಯದಂತೆ ಓದುತ್ತಾ ಕೂತೆ. ಇಂಥ ಫೈಲ್ ಸಿಗಲಿಲ್ಲ. ಸರಿ. ಯಾರಿಗೆ ಸಿಗಲಿಲ್ಲ? ವಾಕ್ಯದಲ್ಲಿ ಕರ್ತೃವೇ ಇಲ್ಲ. ಕಾಣೆಯಾದವರ ಹೆಸರಿದೆ, ಹುಡುಕಿಕೊಂಡು ಬಂದವರ ಹೆಸರಿಲ್ಲ. ಯಾರಾದರೂ ಹೀಗೆ ಬರೆದು ಕಳಿಸಿದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಿದ್ದೆ. ಬಾಡಿಗೆಯವರು ಮನೆ ಖಾಲಿ ಮಾಡಿ ಹೋಗಿದ್ದಾರೆ, ಅವರನ್ನು ಕೇಳಿಕೊಂಡು ಗಂಟೆಗೊಮ್ಮೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ. ನಾನು ಇಷ್ಟು ದಿನ ಹೋದ ಬಾಡಿಗೆಯವರನ್ನು ಹುಡುಕುತ್ತಿದ್ದೆ. ಹಿಡಿಯಬೇಕಾದದ್ದು ಬಾಗಿಲು ಬಡಿಯುವವರನ್ನು.

ಇಲ್ಲಿ ಎರಡು ಸಣ್ಣ ಉಪಾಯ ಹೇಳುತ್ತೇನೆ. ಎರಡಕ್ಕೂ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ.

ಒಂದು, ಇಂಥ ಪೆಟ್ಟಿಗೆ ಬಂದಾಗ ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಸಿ ಒತ್ತಿ. ಆಮೇಲೆ ನೋಟ್‌ಪ್ಯಾಡ್ ತೆರೆದು ಕಂಟ್ರೋಲ್ ವಿ. ಪೆಟ್ಟಿಗೆಯ ತಲೆಬರಹ, ಒಳಗಿನ ಮಾತು, ಬಟನ್ನಿನ ಹೆಸರು ಎಲ್ಲ ಅಕ್ಷರ ಬಿಡದೆ ಬಂದು ಬೀಳುತ್ತದೆ. ವಿಂಡೋಸಿನ ಮಾಮೂಲಿ ಸಂದೇಶ ಪೆಟ್ಟಿಗೆಗಳಿಗೆಲ್ಲ ಈ ಗುಣ ಇದೆ. ಎರಡು ತಿಂಗಳು ನಾನು ಆ ಉದ್ದದ ದಾರಿಯನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ. ಅದೂ ಒಂದು ಅಂಕಿ ತಪ್ಪಾಗಿ!

ಎರಡು, ಓಕೆ ಒತ್ತಬೇಡಿ. ಪೆಟ್ಟಿಗೆ ಬಂದ ಕೂಡಲೇ ಓಕೆ ಒತ್ತಿ ಓಡಿಸುವುದು ನಮಗೆಲ್ಲ ರೂಢಿಯಾಗಿದೆ. ಒತ್ತಿದರೆ ಸಾಕ್ಷಿ ಹೋಯಿತು. ಅದು ತೆರೆದಿರುವಾಗಲೇ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ವಿವರಗಳ ಪಟ್ಟಿಗೆ ಹೋಗಿ, ಕಾಲಮ್ಮುಗಳ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ‘ಕಮಾಂಡ್ ಲೈನ್’ ಎಂಬ ಕಾಲಮ್ ಸೇರಿಸಿ. ಅಲ್ಲಿ ರನ್‌ಡಿಎಲ್‌ಎಲ್32 ಎಂಬ ಸಾಲು ಜೀವಂತ ಇರುತ್ತದೆ. ಅದರ ಪಕ್ಕ ಅದಕ್ಕೆ ಸಿಕ್ಕ ಆಜ್ಞೆ ಪೂರ್ತಿ ಕಾಣುತ್ತದೆ. ಈ ರನ್‌ಡಿಎಲ್‌ಎಲ್32 ವಿಂಡೋಸಿನದೇ ಸಾಧು ಪ್ರೋಗ್ರಾಂ. ಡಿಎಲ್‌ಎಲ್ ಫೈಲುಗಳು ತಾವಾಗಿ ಓಡುವುದಿಲ್ಲ, ಯಾರಾದರೂ ಎತ್ತಿಕೊಂಡು ಓಡಿಸಬೇಕು. ಆ ಕೆಲಸ ಇದರದು. ಕೆಲವರು ಇದನ್ನೇ ವೈರಸ್ ಅಂದುಕೊಂಡು ಅಳಿಸಲು ಹೋಗುತ್ತಾರೆ. ಪಾಪ, ಅದು ಹೇಳಿದ್ದನ್ನು ಮಾಡುವ ಆಳು ಅಷ್ಟೆ.

ಆಳು ಗೊತ್ತಾಯಿತು, ಹೇಳಿಕಳಿಸಿದ ಧಣಿ ಯಾರು? ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ ನೋಡಿದೆ. ಏನೂ ಇಲ್ಲ. ಅದರಲ್ಲಿ ಕಾಣುವುದು ರಿಜಿಸ್ಟ್ರಿಯ ಮಾಮೂಲಿ ರನ್ ಪಟ್ಟಿ ಮತ್ತು ಸ್ಟಾರ್ಟಪ್ ಫೋಲ್ಡರಿನಂಥ ಕೆಲವೇ ಜಾಗಗಳಲ್ಲಿ ಇರುವವು. ವಿಂಡೋಸ್ ತಾನಾಗಿ ಏನನ್ನಾದರೂ ಶುರು ಮಾಡುವ ಜಾಗಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಅವನ್ನೆಲ್ಲ ಒಂದೇ ಕಡೆ ಹರಡಿ ತೋರಿಸುವುದೇ ಆಟೋರನ್ಸ್.

ಇದು ಸಿಸ್‌ಇಂಟರ್ನಲ್ಸ್ ಎಂಬ ಉಪಕರಣಗಳ ಗುಂಪಿಗೆ ಸೇರಿದ್ದು. 1996ರಲ್ಲಿ ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬ ಇಬ್ಬರು ಶುರು ಮಾಡಿದ್ದರು. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಕೆಲವು ಸಂಗೀತದ ಸಿ.ಡಿ. ಹಾಕಿದರೆ ಕಂಪ್ಯೂಟರಿನಲ್ಲಿ ಗುಟ್ಟಾಗಿ ರೂಟ್‌ಕಿಟ್, ಅಂದರೆ ತನ್ನನ್ನೇ ಅಡಗಿಸಿಕೊಳ್ಳುವ ಪ್ರೋಗ್ರಾಂ, ಬಂದು ಕೂರುತ್ತಿದ್ದುದನ್ನು 2005ರಲ್ಲಿ ಬಯಲಿಗೆಳೆದವರು ಇದೇ ರುಸಿನೋವಿಚ್. ಅವಿತುಕೊಂಡದ್ದನ್ನು ಹುಡುಕುವುದರಲ್ಲಿ ಪಳಗಿದ ಕೈ. ಈಗಲೂ ಉಪಕರಣಗಳು ಉಚಿತ. ಮೈಕ್ರೋಸಾಫ್ಟ್ ತಾಣದ ಸಿಸ್‌ಇಂಟರ್ನಲ್ಸ್ ಪುಟದಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ.

ಇನ್‌ಸ್ಟಾಲ್ ಮಾಡುವ ಗೊಡವೆ ಇಲ್ಲ. ಜಿಪ್ ಫೈಲು ಬಿಚ್ಚಿದರೆ ಒಳಗೆ ನಾಲ್ಕಾರು ಫೈಲು. ಹೆಸರಿನ ಕೊನೆಗೆ 64 ಇರುವುದು ಈಗಿನ ಬಹುತೇಕ ಕಂಪ್ಯೂಟರುಗಳಿಗೆ. ಸಿ ಅಕ್ಷರ ಅಂಟಿಕೊಂಡಿರುವುದು ಕಮಾಂಡ್ ಬರೆಯುವವರಿಗೆ, ನಮಗಲ್ಲ. ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಹಾಗೇ ತೆರೆದರೂ ಪಟ್ಟಿ ಕಾಣುತ್ತದೆ, ಆದರೆ ಕೆಲವು ಟಿಕ್ ತೆಗೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ. ಮೊದಲ ಸಲ ಒಪ್ಪಂದದ ಪುಟ ಬರುತ್ತದೆ. ಒಪ್ಪಿಕೊಂಡರೆ ಪಟ್ಟಿ ತುಂಬಿಕೊಳ್ಳಲು ಶುರು.

ಎರಡನೇ ಸಲ ತೆರೆದಾಗ ನಾನು ಅವಸರ ಮಾಡಲಿಲ್ಲ. ಎಲ್ಲವೂ ಇರುವ ಮೊದಲ ಟ್ಯಾಬಿನಲ್ಲೇ ಕೂತೆ. ಆಯ್ಕೆಗಳ ಮೆನುವಿನಲ್ಲಿ ಮೈಕ್ರೋಸಾಫ್ಟ್ ಸಾಲುಗಳನ್ನು ಅಡಗಿಸು ಅನ್ನುವುದಿದೆ. ಅದಕ್ಕೆ ಟಿಕ್ ಹಾಕಿದ ಮೇಲೆ ನೂರಾರು ಸಾಲುಗಳ ಕಾಡು ಕರಗಿ ಒಂದೂವರೆ ಪರದೆಯಷ್ಟು ಉಳಿಯಿತು. ಇದನ್ನು ಮೊದಲ ದಿನವೇ ಮಾಡಿದ್ದರೆ ಹೆದರುತ್ತಿರಲಿಲ್ಲ. ಅದನ್ನು ತಯಾರಿಸಿದವರು ತೆರೆದ ಕೂಡಲೇ ಹೀಗೇ ತೋರಿಸಬಹುದಿತ್ತಲ್ವಾ? ಆದರೆ ಇದು ಮೂಲತಃ ಪರಿಣತರಿಗೆ ಮಾಡಿದ ಉಪಕರಣ. ಅವರಿಗೆ ಎಲ್ಲವೂ ಕಾಣಬೇಕು.

ಈಗ ಬಣ್ಣ. ಹಳದಿ ಸಾಲು ಅಂದರೆ, ಕರೆ ಇದೆ, ಕರೆದ ಫೈಲು ಆ ಜಾಗದಲ್ಲಿಲ್ಲ. ಗುಲಾಬಿ ಅಂದರೆ ತಯಾರಿಸಿದವರು ಯಾರು ಎಂಬ ವಿವರ ಇಲ್ಲ, ಅಥವಾ ಅವರ ಡಿಜಿಟಲ್ ಸಹಿ ತಾಳೆಯಾಗುತ್ತಿಲ್ಲ. ನನಗೆ ಬೇಕಾದದ್ದು ಹಳದಿ. ನಮ್ಮ ಕಂಪ್ಯೂಟರಿನಲ್ಲಿ ಏಳು ಹಳದಿ ಸಾಲಿದ್ದವು.

ಮೇಲೆ ಒಂದು ಫಿಲ್ಟರ್ ಪೆಟ್ಟಿಗೆ ಇದೆ. ನೋಟ್‌ಪ್ಯಾಡಿನಿಂದ ಫೈಲಿನ ಹೆಸರನ್ನು ನಕಲು ಮಾಡಿ ಅಲ್ಲಿ ಹಾಕಿದೆ. ಪಟ್ಟಿ ಪೂರ್ತಿ ಖಾಲಿಯಾಗಿ, ಒಂದೇ ಒಂದು ಹಳದಿ ಸಾಲು ಉಳಿಯಿತು.

ಆ ಸಾಲನ್ನು ಬಹಳ ಹೊತ್ತು ನೋಡಿದೆ. ಎಡಗಡೆ ಟಿಕ್ ಗುರುತಿನ ಚೌಕ. ಪಕ್ಕದಲ್ಲಿ ಒಂದು ಹೆಸರು, ಯಾವುದೋ ‘ಅಪ್‌ಡೇಟ್’ ಅಂತ ಶುರುವಾಗಿ ಅಂಕಿಗಳಲ್ಲಿ ಮುಗಿಯುವುದು. ತಯಾರಕರ ಜಾಗ ಖಾಲಿ. ದಾರಿಯ ಜಾಗದಲ್ಲಿ ‘ಫೈಲ್ ಸಿಗಲಿಲ್ಲ’ ಎಂದು ಬರೆದು, ಪೆಟ್ಟಿಗೆಯಲ್ಲಿ ಎರಡು ತಿಂಗಳಿಂದ ನೋಡುತ್ತಿದ್ದ ಅದೇ ದಾರಿ. ಅದರ ಮೇಲಿನ ತಲೆಬರಹ ‘ಟಾಸ್ಕ್ ಶೆಡ್ಯೂಲರ್’. ಅಂದರೆ ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಎಂದು ವಿಂಡೋಸಿಗೆ ಹೇಳಿಟ್ಟ ಪಟ್ಟಿ. ಬಾಗಿಲು ಬಡಿಯುವವರು ಸಿಕ್ಕಿದ್ದರು.

ಬಲ ಕ್ಲಿಕ್ ಮಾಡಿ ‘ಜಂಪ್ ಟು ಎಂಟ್ರಿ’ ಒತ್ತಿದರೆ ಟಾಸ್ಕ್ ಶೆಡ್ಯೂಲರ್ ತೆರೆಯುತ್ತದೆ. ಅಲ್ಲಿ ಅದೇ ಹೆಸರಿನ ಕೆಲಸ ಕೂತಿತ್ತು. ಟ್ರಿಗರ್ ಅನ್ನುವ ಕಡೆ, ಲಾಗಿನ್ ಆದಾಗ ಶುರು ಮಾಡು, ಆಮೇಲೆ ಗಂಟೆಗೊಮ್ಮೆ, ಕೊನೆಯಿಲ್ಲದೆ. ಕೊನೆಯಿಲ್ಲದೆ! ಕೆಲಸ ಹುಟ್ಟಿದ ದಿನಾಂಕವೂ ಇತ್ತು. ಅದನ್ನು ನೋಡಿ ಮಗಳ ಕಡೆ ತಿರುಗಿದೆ. ಶಾಲೆಯ ಪ್ರಾಜೆಕ್ಟಿಗೆ ವಿಡಿಯೋವನ್ನು ಇನ್ನೊಂದು ರೂಪಕ್ಕೆ ಬದಲಿಸಲು ಅವಳು ಒಂದು ಉಚಿತ ಪ್ರೋಗ್ರಾಂ ಹಾಕಿದ್ದ ದಿನ. ಕೆಲಸ ಮುಗಿದ ಮೇಲೆ ನಾನೇ ಅದನ್ನು ತೆಗೆದಿದ್ದೆ. ಫೋಲ್ಡರು ಹೋಗಿತ್ತು, ಐಕಾನು ಹೋಗಿತ್ತು. ಅದು ತನ್ನ ಜೊತೆ ತಂದು ಕೂರಿಸಿದ್ದ ಗಂಟೆಯಾಳು ಮಾತ್ರ ಉಳಿದಿದ್ದ. ಧಣಿ ಊರು ಬಿಟ್ಟಿದ್ದಾನೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಗಳ ಮೂಲೆಯ ಉಪಾಯ ಯಾಕೆ ಕೆಲಸ ಮಾಡುತ್ತಿತ್ತು ಎಂಬುದೂ ಅಲ್ಲೇ ತಿಳಿಯಿತು. ಸೆಟ್ಟಿಂಗ್ಸ್ ಟ್ಯಾಬಿನ ಕೆಳಗೆ ಒಂದು ನಿಯಮ ಇದೆ. ಈ ಕೆಲಸ ಈಗಾಗಲೇ ನಡೆಯುತ್ತಿದ್ದರೆ ಹೊಸದನ್ನು ಶುರು ಮಾಡಬೇಡ. ಬದಲಿಸದಿದ್ದರೆ ಅದೇ ಇರುತ್ತದೆ. ಪೆಟ್ಟಿಗೆ ಮೂಲೆಯಲ್ಲಿ ಇರುವವರೆಗೆ ಕೆಲಸ ‘ನಡೆಯುತ್ತಿದೆ’ ಅಂತಲೇ ಲೆಕ್ಕ. ಹಾಗಾಗಿ ಎರಡನೇ ಪೆಟ್ಟಿಗೆ ಇಲ್ಲ. ಅವಳಿಗೆ ಇದನ್ನು ವಿವರಿಸಿದೆ. ‘ಹೇಳ್ಲಿಲ್ವಾ’ ಅಂದಳು, ಅಷ್ಟೆ.

ಆಟೋರನ್ಸ್‌ಗೆ ಮರಳಿ ಟಿಕ್ ತೆಗೆದೆ. ಅಳಿಸಲಿಲ್ಲ. ಈ ಉಪಕರಣದಲ್ಲಿ ನನಗೆ ತುಂಬ ಇಷ್ಟವಾದ ಗುಣ ಇದೇ. ಟಿಕ್ ತೆಗೆದರೆ ಆ ಕರೆ ನಿಲ್ಲುತ್ತದೆ, ಆದರೆ ಸಾಲು ಹಾಗೇ ಇರುತ್ತದೆ. ತಪ್ಪಾಯಿತು ಅನ್ನಿಸಿದರೆ ಮತ್ತೆ ಟಿಕ್ ಹಾಕಿದರಾಯಿತು. ರಿಜಿಸ್ಟ್ರಿಯಿಂದ ಶುರುವಾಗುವ ಸಾಲಾದರೆ ಅದನ್ನು ಅಲ್ಲೇ ಪಕ್ಕದ ಬೇರೆ ಗೂಡಿಗೆ ಸರಿಸಿಡುತ್ತದೆ, ಎಸೆಯುವುದಿಲ್ಲ. ಕರಡಿನಲ್ಲಿ ನಾವು ಪದವನ್ನು ಅಳಿಸದೆ ಮೇಲೆ ಒಂದು ಗೆರೆ ಎಳೆಯುತ್ತೇವಲ್ಲ, ಹಾಗೆ. ಪೂರ್ತಿ ಅಳಿಸುವ ದಾರಿಯೂ ಇದೆ, ಆದರೆ ಅವಸರ ಏನಿದೆ?

ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಲಾಗಿನ್ ಆದೆ. ಐದು ನಿಮಿಷ, ಹತ್ತು ನಿಮಿಷ. ಪೆಟ್ಟಿಗೆ ಇಲ್ಲ. ಒಂದು ಗಂಟೆ ಆಗುವವರೆಗೆ ನಂಬಬಾರದು ಎಂದು ಕೆಲಸಕ್ಕೆ ಕೂತೆ. ಆದರೆ ಒಂದು ಪುಟವೂ ಸರಿಯಾಗಿ ಸಾಗಲಿಲ್ಲ, ಕಣ್ಣೆಲ್ಲ ಮೂಲೆಯ ಗಡಿಯಾರದ ಮೇಲೆ. ಗಂಟೆ ದಾಟಿತು. ಮಾವನವರು ಬಂದು ಪರದೆ ನೋಡಿ, ‘ಇವತ್ತು ಬರಲಿಲ್ವಾ ಅದು?’ ಅಂದರು. ಏನೋ ನೆಂಟರು ತಪ್ಪಿಸಿಕೊಂಡ ಹಾಗೆ.

ಶುಚಿ ಮಾಡುವ ಪ್ರೋಗ್ರಾಂ ಕಥೆ ಇನ್ನೂ ಇದೆ ಅಂದಿದ್ದೆನಲ್ಲ. ಫಿಲ್ಟರ್ ತೆಗೆದು ಉಳಿದ ಆರು ಹಳದಿ ಸಾಲು ನೋಡಿದಾಗ ಒಂದರಲ್ಲಿ ಅದರದೇ ಹೆಸರು! ನಾನು ತೆಗೆದುಹಾಕಿದ ಶುಚಿಗಾರ ತಾನೇ ಒಂದು ಕಸ ಬಿಟ್ಟುಹೋಗಿದ್ದ. ಸಾವಿರ ಸಮಸ್ಯೆ ಎಣಿಸಿದವನ ಪಟ್ಟಿಯಲ್ಲಿ ನನ್ನ ನಿಜವಾದ ಒಂದು ಸಮಸ್ಯೆ ಇತ್ತೋ ಇಲ್ಲವೋ, ಹೋಗುವಾಗ ಸಾವಿರದ ಒಂದನೆಯದನ್ನು ತಾನೇ ಸೇರಿಸಿದ್ದ. ಅದರ ಟಿಕ್ಕನ್ನೂ ತೆಗೆದೆ. ನಕ್ಕು ನಕ್ಕು ಸಾಕಾಯಿತು.

ಉಳಿದ ಐದನ್ನು ಮುಟ್ಟಲಿಲ್ಲ. ಇದು ಮುಖ್ಯ. ಹಳದಿ ಅಂದಾಕ್ಷಣ ತಪ್ಪು ಅಂತ ಅಲ್ಲ. ತೊಂದರೆ ಕೊಡದೆ ಸುಮ್ನೆ ಇರುವ ಹಳದಿ ಸಾಲುಗಳು ಹೊಸ ಕಂಪ್ಯೂಟರಿನಲ್ಲೂ ಇರಬಹುದು. ಅವನ್ನೆಲ್ಲ ಒರೆಸಿ ಪಟ್ಟಿ ಬೆಳ್ಳಗೆ ಮಾಡಬೇಕೆಂಬ ಚಪಲ ಬರುತ್ತದೆ, ನನಗೂ ಬಂತು. ತಡೆದುಕೊಳ್ಳಿ. ನಿಮ್ಮ ಪೆಟ್ಟಿಗೆಯಲ್ಲಿರುವ ಫೈಲಿನ ಹೆಸರೂ ಸಾಲಿನಲ್ಲಿರುವ ಹೆಸರೂ ಒಂದೇ ಆಗಿದ್ದರೆ ಮಾತ್ರ ಕೈ ಹಾಕಿ.

ದೂರುಗಳೂ ಇವೆ. ದೊಡ್ಡ ದೂರು, ಟಿಕ್ ತೆಗೆಯುವಾಗ ಅದು ನಿಜವಾಗಿಯೂ ತೆಗೆಯಲಾ ಅಂತ ಕೇಳುವುದಿಲ್ಲ. ಮೌಸ್ ಜಾರಿ ಪಕ್ಕದ ಚೌಕದ ಮೇಲೆ ಬಿದ್ದರೆ ಅದೂ ಹೋಯಿತು. ನಿಮ್ಮ ಆಟದ ಪ್ರೋಗ್ರಾಮಿನ ಸಾಲಿಗೂ ಡಿಸ್ಕ್ ಓದುವ ಡ್ರೈವರಿನ ಸಾಲಿಗೂ ಇದು ಒಂದೇ ರೀತಿಯ ಚೌಕ ಕೊಡುತ್ತದೆ. ಮೊದಲನೆಯದನ್ನು ತೆಗೆದರೆ ಏನೂ ಆಗುವುದಿಲ್ಲ. ಎರಡನೆಯದನ್ನು ತೆಗೆದರೆ ಕಂಪ್ಯೂಟರ್ ಮತ್ತೆ ಶುರುವಾಗದೇ ಇರಬಹುದು. ಇಷ್ಟು ವರ್ಷದ ಉಪಕರಣಕ್ಕೆ ಇಷ್ಟೂ ಎಚ್ಚರಿಕೆ ಕೊಡಲು ಬರುವುದಿಲ್ಲವಾ? ನಾನಂತೂ ಡ್ರೈವರ್, ಸರ್ವಿಸ್ ಟ್ಯಾಬ್‌ಗಳ ಕಡೆ ತಲೆ ಹಾಕುವುದಿಲ್ಲ. ಮಾವನವರಿಗೆ ಇದನ್ನು ತೋರಿಸಿಯೂ ಇಲ್ಲ.

ವೈರಸ್‌ಟೋಟಲ್ ಎಂಬ ತಾಣದ ಜೊತೆ ತಾಳೆ ನೋಡುವ ಆಯ್ಕೆ ಇದೆ. ಪ್ರತಿ ಫೈಲಿನ ಗುರುತನ್ನು, ಅಂದರೆ ಹ್ಯಾಶನ್ನು, ಅಲ್ಲಿಗೆ ಕಳಿಸಿ ಎಷ್ಟು ಆಂಟಿವೈರಸ್‌ಗಳು ಅದನ್ನು ಕೆಟ್ಟದ್ದು ಅನ್ನುತ್ತವೆ ಎಂದು ಸಾಲಿನ ಪಕ್ಕ ತೋರಿಸುತ್ತದೆ. ಒಳ್ಳೆಯದೇ. ಆದರೆ ಅದರ ಕೆಳಗೇ ಗೊತ್ತಿಲ್ಲದ ಫೈಲುಗಳನ್ನು ಪೂರ್ತಿಯಾಗಿ ಕಳಿಸು ಅನ್ನುವ ಇನ್ನೊಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕುವ ಮುಂಚೆ ಒಮ್ಮೆ ಯೋಚಿಸಿ. ನಾನು ಹಾಕಲಿಲ್ಲ.

ಇನ್ನು ಎಲ್ಲವೂ ಇಂಗ್ಲಿಷ್. ‘ಇಮೇಜ್ ಪಾತ್’ ಅಂದರೆ ಚಿತ್ರದ ದಾರಿ ಅಂದುಕೊಂಡಿದ್ದೆ. ಅಲ್ಲಿ ಇಮೇಜ್ ಅಂದರೆ ಓಡುವ ಪ್ರೋಗ್ರಾಂ ಫೈಲು. ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಂಥ ಕಡೆ ಒಂದು ಸಾಲಿನ ವಿವರಣೆ ಇದ್ದಿದ್ದರೆ ಸಾಕಿತ್ತು. ಕಣ್ಣಿಗೆ ಹಿತವಾಗಲಿ ಎಂದು ಕಪ್ಪು ಥೀಮ್ ಕೊಟ್ಟಿದ್ದಾರೆ, ಅದು ಹಿತವಾಗಿದೆ. ಅಕ್ಷರದ ಗಾತ್ರವನ್ನೂ ಬದಲಿಸಬಹುದು.

ಯಾರಿಗೆ ಇದು ಬೇಡ? ನಿಮ್ಮ ಪೆಟ್ಟಿಗೆ ಲಾಗಿನ್ ಆದಾಗ ಒಮ್ಮೆ ಮಾತ್ರ ಬಂದು, ಕರೆಯುವ ಪ್ರೋಗ್ರಾಂ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲೇ ಕಂಡರೆ, ಅಲ್ಲೇ ನಿಲ್ಲಿಸಿ. ಕೆಲಸ ಮುಗಿಯಿತು. ಪೆಟ್ಟಿಗೆಯಲ್ಲಿರುವ ಫೈಲು ವಿಂಡೋಸಿನದೇ ಆಗಿದ್ದು, ಹಲವು ಪ್ರೋಗ್ರಾಂಗಳು ಕೈಕೊಡುತ್ತಿದ್ದರೆ ಆಗ ಸಿಸ್ಟಮ್ ಫೈಲ್ ಚೆಕರ್ ಸರಿಯಾದ ದಾರಿ. ವಿಂಡೋಸ್ ದಿಢೀರನೆ ಕುಸಿದು ನೀಲಿ ಪರದೆ ಬರುವವರಿಗೂ ಆಟೋರನ್ಸ್ ಮೊದಲ ಮದ್ದಲ್ಲ. ನೀವು ಹಾಕಿದ ಪ್ರೋಗ್ರಾಂ ಇನ್ನೂ ಬೇಕು, ಅದರ ಫೈಲು ಮಾತ್ರ ಕಾಣೆ ಅನ್ನುವುದಾದರೆ, ಆ ಪ್ರೋಗ್ರಾಮನ್ನೇ ಮತ್ತೊಮ್ಮೆ ಹಾಕಿಕೊಳ್ಳಿ. ಮತ್ತೆ, ಆಂಟಿವೈರಸ್ ಏನನ್ನೋ ಹಿಡಿದು ಅಳಿಸಿದ ಮಾರನೇ ದಿನದಿಂದ ಪೆಟ್ಟಿಗೆ ಶುರುವಾಗಿದ್ದರೆ, ಟಿಕ್ ತೆಗೆದು ಸುಮ್ಮನಾಗಬೇಡಿ. ಹಿಂದೆ ಇನ್ನೇನಾದರೂ ಉಳಿದಿದೆಯೇ ಎಂದು ಒಂದು ಸಲ ಪೂರ್ತಿ ಪರೀಕ್ಷೆ ಮಾಡಿಸಿ.

ಆದರೆ ಕಾಣೆಯಾದದ್ದರ ಹೆಸರಷ್ಟೇ ಗೊತ್ತಿದ್ದು, ಕರೆಯುತ್ತಿರುವವರು ಯಾರೆಂದು ತಿಳಿಯದೆ ಕೂತವರಿಗೆ ಇದಕ್ಕಿಂತ ನೇರವಾದದ್ದು ನನಗೆ ಸಿಕ್ಕಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದನ್ನು ಹಿಡಿದುಕೊಂಡದ್ದು ಕೇಳದೆ ಟಿಕ್ ತೆಗೆಯಲು ಬಿಡುವುದಕ್ಕೆ.

ಒಂದು ಮಾತು ಬಿಟ್ಟಿದ್ದೆ. ಎಲ್ಲ ಸರಿಹೋದ ದಿನ ಪಟ್ಟಿಯನ್ನು ಒಂದು ಫೈಲಾಗಿ ಉಳಿಸಿಟ್ಟೆ. ಫೈಲ್ ಮೆನುವಿನಲ್ಲಿ ಅದಕ್ಕೆ ಅವಕಾಶ ಇದೆ. ಆಮೇಲೆ ಯಾವಾಗ ಬೇಕಾದರೂ ‘ಕಂಪೇರ್’ ಒತ್ತಿ ಹಳೆಯದರ ಜೊತೆ ಹೋಲಿಸಬಹುದು. ಹೊಸದಾಗಿ ಸೇರಿಕೊಂಡ ಸಾಲುಗಳು ಹಸಿರಾಗಿ ಕಾಣುತ್ತವೆ. ಹಳೆಯ ಕರಡನ್ನೂ ಹೊಸ ಕರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ನನಗೆ ಇದು ಕೈಗೆ ಒಗ್ಗಿದ ಕೆಲಸ. ಮೊನ್ನೆ ಮಗಳು ಚಿತ್ರ ಬಿಡಿಸುವ ಪ್ರೋಗ್ರಾಂ ಒಂದನ್ನು ಹಾಕಿದಳು. ಈ ಸಲ ಕೇಳಿಯೇ ಹಾಕಿದಳು. ರಾತ್ರಿ ಹೋಲಿಸಿ ನೋಡಿದೆ. ಎರಡು ಹಸಿರು ಸಾಲು. ಒಂದು ಅವಳ ಪ್ರೋಗ್ರಾಮಿನದು. ಇನ್ನೊಂದು ಅದರ ಜೊತೆ ಬಂದ ಗಂಟೆಯಾಳು. ಅವಳನ್ನೇ ಕರೆದು ಮೌಸ್ ಕೈಗೆ ಕೊಟ್ಟೆ. ಸಾಲಿನ ಮೇಲೆ ಬಾಣ ತಂದು ನಿಲ್ಲಿಸಿ, ತಾತನ ದನಿಯಲ್ಲೇ ಕೇಳಿದಳು, ‘ಒತ್ತಲಾ?’